ಅಂಕ 21ರಿಂದ 13ಕ್ಕೆ ಇಳಿದಿದೆ, ತಂಗಿ ಮಾತ್ರ ‘ಏನೂ ಬದಲಾಗಿಲ್ಲ’ ಅಂತಾಳೆ

ಪ್ರಶ್ನೆ: ನನ್ನ ತಂಗಿಗೆ 26 ವರ್ಷ. ಅವಳಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆ, ಸಂಬಂಧಗಳು ತೀರಾ ಏರುಪೇರಾಗುವ ಮಾನಸಿಕ ಕಾಯಿಲೆ) ಇದೆ ಅಂತ ಕಳೆದ ವರ್ಷ ಗೊತ್ತಾಯಿತು. ಚಿಕಿತ್ಸೆಗೆ ಮುಂಚೆ ಡಾಕ್ಟರ್ ಅವಳೊಬ್ಬಳನ್ನೇ ಕೂರಿಸಿಕೊಂಡು ಒಂಬತ್ತು ವಿಷಯಗಳ ಬಗ್ಗೆ ಕೇಳಿ 36ಕ್ಕೆ 21 ಅಂಕ ಹಾಕಿದ್ದರು. ಎಂಟು ತಿಂಗಳಾದ ಮೇಲೆ ಅದನ್ನೇ ಮತ್ತೆ ಕೇಳಿ 13 ಅಂದರು. ಕೈ ಕುಯ್ದುಕೊಳ್ಳುವುದು ನಿಂತಿದೆ, ನಿಜ. ಆದರೆ ಅವಳು ‘ಒಳಗೆ ಏನೂ ಬದಲಾಗಿಲ್ಲ ಅಕ್ಕಾ’ ಅಂತಾಳೆ. ಯಾರ ಮಾತು ನಂಬಲಿ? ನೆಟ್‌ನಲ್ಲಿ ಸಿಗುವ ಹತ್ತು ಪ್ರಶ್ನೆಯ ಟೆಸ್ಟನ್ನು ಮನೆಯಲ್ಲೇ ಮಾಡಿಸಿ ನೋಡಬಹುದಾ?

ಉತ್ತರ: ಇಬ್ಬರ ಮಾತನ್ನೂ ನಂಬಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ನೀವು ಹೇಳಿದ ಲೆಕ್ಕ ನೋಡಿದರೆ, ಡಾಕ್ಟರ್ ಬಳಸಿರುವುದು ಝನಾರಿನಿ ಸ್ಕೇಲ್ ಅನಿಸುತ್ತದೆ. ಅಮೆರಿಕದ ಸಂಶೋಧಕಿ ಮೇರಿ ಝನಾರಿನಿ 2003ರಲ್ಲಿ ಪ್ರಕಟಿಸಿದ ಅಳತೆ ಅದು. ಈ ಕಾಯಿಲೆಗೆ ಒಂಬತ್ತು ಲಕ್ಷಣ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಅಂಕ ಜಾಸ್ತಿ ಅಂದರೆ ಲಕ್ಷಣ ಜೋರು. ಕೇಳುವುದು ಹಿಂದಿನ ಒಂದು ವಾರದ ಬಗ್ಗೆ ಮಾತ್ರ.

ಕಾಯಿಲೆ ಇದೆಯೋ ಇಲ್ಲವೋ ಅನ್ನೋದು ಬೇರೆ, ಎಷ್ಟು ಜೋರಾಗಿದೆ ಅನ್ನೋದು ಬೇರೆ. ಒಂಬತ್ತರಲ್ಲಿ ಕನಿಷ್ಠ ಐದು ಲಕ್ಷಣ ಇದ್ದರೆ ಕಾಯಿಲೆ ಇದೆ ಅಂತ ಗುರುತಿಸುತ್ತಾರೆ. ಆ ಐದು ಯಾವುದಾದರೂ ಆಗಬಹುದು. ಲೆಕ್ಕ ಹಾಕಿದರೆ 256 ಬಗೆಯಲ್ಲಿ ಇದು ಕಾಣಿಸಿಕೊಳ್ಳಬಹುದು. ಒಂದೇ ಹೆಸರಿನ ಕಾಯಿಲೆ ಇರುವ ಇಬ್ಬರಲ್ಲಿ ಒಂದೇ ಒಂದು ಲಕ್ಷಣ ಹೊಂದಿಕೆಯಾಗುವುದೂ ಉಂಟು! ಹಾಗಾಗಿ ಬರೀ ಹೆಸರು ಕೇಳಿದರೆ ಯಾರಿಗೆ ಎಷ್ಟು ಕಷ್ಟ ಅಂತ ತಿಳಿಯುವುದಿಲ್ಲ.

ಮಾತಾಡಿ ಅಳೆಯುವುದು ಹೇಗೆ ಅಂತ ಅನುಮಾನ ಬರುವುದು ಸಹಜ. ಸಿಟ್ಟನ್ನೇ ತೆಗೆದುಕೊಳ್ಳಿ. ‘ಈ ವಾರ ಸಿಟ್ಟು ಬಂತಾ?’ ಅಂದರೆ ‘ಹೂಂ, ಬಂತು’ ಅಂತಾರೆ. ಅಷ್ಟಕ್ಕೆ ನಾವು ಅಂಕ ಹಾಕುವುದಿಲ್ಲ. ಎಷ್ಟು ದಿನ ಬಂತು? ಬಂದಾಗ ಎಷ್ಟು ಹೊತ್ತು ಇತ್ತು? ಒಳಗೇ ಕುದಿಯುತ್ತಿತ್ತಾ, ಕಿರುಚಾಡಿದಿರಾ, ಏನಾದರೂ ಎಸೆದಿರಾ? ಆಮೇಲೆ ಕೆಲಸಕ್ಕೆ ಹೋಗೋಕಾಯ್ತಾ? ಒಬ್ಬರು ‘ಸ್ವಲ್ಪ ರೇಗಿದೆ ಅಷ್ಟೇ’ ಅಂದಿರುತ್ತಾರೆ. ಕೇಳುತ್ತಾ ಹೋದರೆ ಫೋನ್ ಗೋಡೆಗೆ ಬಡಿದು ಚೂರಾಗಿರುತ್ತದೆ, ಎರಡು ದಿನ ಯಾರ ಜೊತೆಗೂ ಮಾತಿರುವುದಿಲ್ಲ. ಇನ್ನೊಬ್ಬರು ‘ನಾನೊಬ್ಬ ರಾಕ್ಷಸ’ ಅಂತ ಅತ್ತಿರುತ್ತಾರೆ. ನಡೆದದ್ದು ನೋಡಿದರೆ ಒಂದು ಸಲ ಧ್ವನಿ ಏರಿಸಿದ್ದಷ್ಟೇ. ಮುಂದೆ ಕೂತು ಕೇಳುವುದರಿಂದಲೇ ಈ ವ್ಯತ್ಯಾಸ ಸಿಗುವುದು. ಕಾಗದದ ಮೇಲೆ ಟಿಕ್ ಹಾಕಿಸಿದರೆ ಇದು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಆದರೆ ಕೇಳುವವರಿಗೆ ತರಬೇತಿ ಬೇಕು. ಆದಷ್ಟೂ ಪ್ರತಿ ಸಲ ಒಬ್ಬರೇ ಕೇಳಿದರೆ ಒಳ್ಳೆಯದು.

ಈಗ ನಿಮ್ಮ 13ಕ್ಕೆ ಬರೋಣ. ಆ ಮೊತ್ತವನ್ನು ಒಡೆದು ನೋಡಬೇಕು. ಒಂದು ಊಹೆ ಹೇಳುತ್ತೇನೆ. ಸ್ವಂತ ಮೈಗೆ ನೋವು ಮಾಡಿಕೊಳ್ಳುವುದು 3ರಿಂದ 0ಗೆ ಬಂದಿರಬಹುದು. ಹಿಂದೆಮುಂದೆ ನೋಡದೆ ಏನಾದರೂ ಮಾಡಿಬಿಡುವುದು 2ರಿಂದ 0ಗೆ. ಉಳಿದವುಗಳ ಪೈಕಿ ಮೂರರಲ್ಲಿ ಒಂದೊಂದು ಅಂಕ ಕಮ್ಮಿ. ಅಲ್ಲಿಗೆ ಎಂಟು ಅಂಕ ಇಳಿಯಿತು. ಆದರೆ ‘ಒಳಗೆಲ್ಲ ಖಾಲಿ ಖಾಲಿ’ ಅನ್ನುವುದು ಅವತ್ತೂ 3, ಇವತ್ತೂ 3 ಇರಬಹುದು. ಈ ಕಾಯಿಲೆಯವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲೂ ಇದೇ ಕಂಡಿದೆ. ಕುಯ್ದುಕೊಳ್ಳುವುದು, ಸಾಯಲು ಹೋಗುವುದು ಬೇಗ ಕಮ್ಮಿಯಾಗುತ್ತವೆ. ಖಾಲಿತನ, ಸಿಟ್ಟು, ಬಿಟ್ಟುಹೋಗುತ್ತಾರೆ ಅನ್ನುವ ಭಯ ಜಾಸ್ತಿ ಕಾಲ ಉಳಿಯುತ್ತವೆ. ಮನೆಯವರ ಕಣ್ಣಿಗೆ ಬೀಳುವುದು ಮೊದಲು ಹೋಯಿತು. ಒಳಗೆ ಕೊರೆಯುವುದು ಇನ್ನೂ ಇದೆ. ತಂಗಿ ಹೇಳುತ್ತಿರುವುದು ಅದನ್ನೇ ಅಲ್ವಾ? ದಯವಿಟ್ಟು ‘ಅಂಕ ಕಮ್ಮಿಯಾಗಿದೆಯಲ್ಲ, ಇನ್ನೇನು?’ ಅಂತ ಅವರಿಗೆ ಹೇಳಬೇಡಿ.

ಒಂದು ವಾರದ ಅಳತೆಗೆ ಅದರದೇ ತೊಂದರೆಯೂ ಇದೆ. ಆ ವಾರ ಸುಮ್ನೆ ಶಾಂತವಾಗಿ ಕಳೆದಿರಬಹುದು. ಅದಕ್ಕೇ ಕೆಲವರು ಬಿಪಿಡಿಎಸ್‌ಐ ಅನ್ನುವ ಸಂದರ್ಶನ ಬಳಸುತ್ತಾರೆ. ಅದರಲ್ಲಿ 70 ಅಂಶಗಳಿವೆ, ಕೇಳುವುದು ಮೂರು ತಿಂಗಳ ಬಗ್ಗೆ, ಅಂಕ 90ರವರೆಗೆ. ಹೊತ್ತು ಹಿಡಿಯುತ್ತದೆ, ಆದರೆ ಚಿತ್ರ ದೊಡ್ಡದಾಗಿ ಸಿಗುತ್ತದೆ. ಒಂದರ ಅಂಕವನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಹತ್ತು ಪ್ರಶ್ನೆಯ ಟೆಸ್ಟ್ ಇರುವುದು ಕಾಯಿಲೆ ಇರಬಹುದಾ ಅಂತ ಜರಡಿ ಹಿಡಿಯಲಿಕ್ಕೆ. ತಂಗಿಯ ವಿಷಯದಲ್ಲಿ ಆ ಹಂತ ಮುಗಿದಿದೆ. ಮನೆಯಲ್ಲಿ ಮಾಡಿಸುವುದು ಬೇಡ. ಅಕ್ಕ ಪರೀಕ್ಷಕಿಯಾದರೆ ಅವರಿಗೆ ಮನಸ್ಸು ಬಿಚ್ಚಿ ಮಾತಾಡಲು ಅಕ್ಕ ಇರುವುದಿಲ್ಲ.

ಮುಂದಿನ ಭೇಟಿಯಲ್ಲಿ, ತಂಗಿ ಒಪ್ಪಿದರೆ, ಒಂಬತ್ತು ಅಂಕಗಳನ್ನೂ ಬಿಡಿಬಿಡಿಯಾಗಿ ತೋರಿಸಿ ಅಂತ ಡಾಕ್ಟರನ್ನು ಕೇಳಿ. ಖಾಲಿತನಕ್ಕೆ ಎಷ್ಟು ಹಾಕಿದ್ದಾರೆ, ಚಿಕಿತ್ಸೆಯಲ್ಲಿ ಅದಕ್ಕೆ ಏನು ಮಾಡುತ್ತಿದ್ದಾರೆ ಅಂತಲೂ ಕೇಳಿ. ಇನ್ನೊಂದು ಮಾತು. ಒಟ್ಟು ಅಂಕ ಎಷ್ಟೇ ಕಮ್ಮಿ ಇರಲಿ, ಸಾಯುವ ಮಾತು ಅವರ ಬಾಯಿಂದ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ.