ದಾವಣಗೆರೆಯಲ್ಲಿ ಕ್ರಿಸ್ಮಸ್‌ಗೆ ಜಿಂಜರ್‌ಬ್ರೆಡ್ (ಶುಂಠಿ ಬಿಸ್ಕತ್ತಿನ) ಮನೆ ಕಟ್ಟಿದರೆ ನಿಲ್ಲುತ್ತಾ?

ಖಂಡಿತ ನಿಲ್ಲುತ್ತದೆ. ನಮ್ಮೂರಿನ ಡಿಸೆಂಬರ್ ಹವೆ ಒಣ ಅಲ್ವಾ, ಅದೇ ಅನುಕೂಲ. ಕರಾವಳಿಯ ತೇವಕ್ಕೆ ಗೋಡೆ ಬೇಗ ಮೆತ್ತಗಾಗುತ್ತದೆ.

ನಾರ್ವೆಯ ಬರ್ಗೆನ್‌ನಲ್ಲಿ 1991ರಿಂದ ಇಂಥ ಮನೆಗಳ ಇಡೀ ಊರನ್ನೇ ಕಟ್ಟುತ್ತಾರೆ. ಶಾಲಾ ಮಕ್ಕಳು, ಅಂಗನವಾಡಿ ವಯಸ್ಸಿನವರೂ ಕೈಹಚ್ಚುತ್ತಾರೆ. ಅಂದಮೇಲೆ ನಮಗೇನು ಕಷ್ಟ?

ಮನೆ ಬೀಳುವುದು ಹೆಚ್ಚಾಗಿ ಹಿಟ್ಟಿನಿಂದ. ಕೇಕಿನ ಹಾಗೆ ಉಬ್ಬಬಾರದು, ಆದ್ದರಿಂದ ಸೋಡಾ ಹಾಕಬೇಡಿ. ಮೈದಾ, ಬೆಣ್ಣೆ, ಶುಂಠಿ ಪುಡಿ, ಚಕ್ಕೆ, ಲವಂಗ ಸಾಕು. ವಿದೇಶಗಳಲ್ಲಿ ಬಳಸುವ ಮೊಲಾಸಸ್ (ಕಬ್ಬಿನ ಕಪ್ಪು ಪಾಕ) ಬದಲು ಜೋನಿ ಬೆಲ್ಲ ಚೆನ್ನಾಗಿ ಹೊಂದುತ್ತದೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ರಟ್ಟಿನ ಅಚ್ಚು ಇಟ್ಟು ಕತ್ತರಿಸಿ. ಓವನ್‌ನಿಂದ ತೆಗೆದ ತಕ್ಷಣ, ಬಿಸಿ ಇರುವಾಗಲೇ ಅಂಚು ನೇರ ಮಾಡಿ. ಆರಿದ ಮೇಲೆ ಚಾಕು ಹಾಕಿದರೆ ಒಡೆಯುತ್ತದೆ. ಕಿಟಕಿಯ ತೂತಿಗೆ ಗಟ್ಟಿ ಪೆಪ್ಪರ್‌ಮಿಂಟ್ ಮಿಠಾಯಿಯ ಪುಡಿ ತುಂಬಿ ಕೊನೆಯ ಐದು ನಿಮಿಷ ಬೇಯಿಸಿದರೆ ಕರಗಿ ಗಾಜಿನಂತಾಗುತ್ತದೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾಗುವುದು ಇದೇ.

ಅಂಟಿಗೆ ಮೊಟ್ಟೆಯ ಬಿಳಿ ಮತ್ತು ಐಸಿಂಗ್ ಸಕ್ಕರೆ. ಒಂದು ಮೊಟ್ಟೆಗೆ ಸುಮಾರು 200 ಗ್ರಾಂ, ಪೇಸ್ಟ್ ಗಟ್ಟಿಯಾಗಿ ನಿಲ್ಲಬೇಕು. ಗೋಡೆ ನಿಲ್ಲಿಸಿ ರಾತ್ರಿಯಿಡೀ ಒಣಗಲು ಬಿಡಿ, ಬೆಳಿಗ್ಗೆ ಚಾವಣಿ ಕೂರಿಸಿ. ಅವಸರ ಮಾಡಿದರೆ ಜಾರುತ್ತದೆ.

ಅಂಗಳದ ಹಿಮಕ್ಕೆ ಮಂಡಕ್ಕಿ ಸುರಿಯಿರಿ, ನಮ್ಮಲ್ಲಿ ಅದಕ್ಕೇನು ಬರ! ಮನೆ ಕೂರಿಸಿದ ಹಲಗೆಯನ್ನು ಮಾತ್ರ ನೀರಿನ ತಟ್ಟೆಯ ನಡುವೆ ಎತ್ತರಕ್ಕೆ ಇಡಿ. ಇಲ್ಲದಿದ್ದರೆ ಮೊದಲ ಗೃಹಪ್ರವೇಶ ಇರುವೆಗಳದ್ದೇ.