ಭಾನುವಾರ ಬಟ್ಟೆ ಒಗೆದರೆ ಮಂಗಳವಾರ ಹಾಸಿಗೆ

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ, ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಡೆಂಗಿ ಬಂದು ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ಭಾನುವಾರ ನಾಲ್ಕು ಬಟ್ಟೆ ಒಗೆದರೆ ಮಂಗಳವಾರ ಹಾಸಿಗೆ ಹಿಡಿಯುತ್ತೇನೆ. ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗಿರುವುದಿಲ್ಲ. ಪಾಠದ ಮಧ್ಯೆ ಗೊತ್ತಿರುವ ಪದವೇ ಮರೆತುಹೋಗುತ್ತದೆ. ಜೊತೆಗೆ ಹೊಟ್ಟೆ ಉಬ್ಬರ, ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ. ಎಲ್ಲಾ ಕರುಳಿನ ಬ್ಯಾಕ್ಟೀರಿಯಾದಿಂದಲೇ ಎಂದು ನಾದಿನಿ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯೋಟಿಕ್ ಮಾತ್ರೆ ತಂದಿದ್ದಾಳೆ, ಬ್ಯಾಕ್ಟೀರಿಯಾ ಪಟ್ಟಿ ಕೊಡುವ ದುಬಾರಿ ಮಲ ಪರೀಕ್ಷೆಯನ್ನೂ ಮಾಡಿಸು ಅನ್ನುತ್ತಾಳೆ. ನಾಳೆಯಿಂದ ಗೋಧಿ ಬಿಡೋಣ ಅಂತಿದ್ದೇನೆ. ಮನೆಯವರು ಸೋಮಾರಿತನ ಅನ್ನುತ್ತಾರೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಸೋಮಾರಿಗಳು ಬಟ್ಟೆ ಒಗೆದು ಮಂಗಳವಾರ ಮಲಗುವುದಿಲ್ಲ ಕಣಮ್ಮಾ, ಅವರು ಬಟ್ಟೆಯನ್ನೇ ಒಗೆಯುವುದಿಲ್ಲ. ಈ ಸಾಲನ್ನು ಮನೆಯಲ್ಲಿ ಜೋರಾಗಿ ಓದಿ.

ಕೆಲಸದ ಪೆಟ್ಟು ಒಂದೆರಡು ದಿನ ತಡವಾಗಿ ಬೀಳುವುದು, ನಿದ್ದೆಯಿಂದ ದಣಿವು ಆರದಿರುವುದು, ತಲೆ ಮಂಕಾಗುವುದು. ಇವು ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ದೀರ್ಘಕಾಲದ ಸುಸ್ತಿನ ಕಾಯಿಲೆ ಇರಬಹುದೇ ಎಂದು ನೋಡಬೇಕಾಗುತ್ತದೆ. ಎಷ್ಟೋ ಜನರಲ್ಲಿ ಇದು ಒಂದು ಸೋಂಕಿನ ಬೆನ್ನಿಗೇ ಶುರುವಾಗುತ್ತದೆ. ಆದರೆ ಪತ್ರ ಓದಿ ನಾನು ಹಣೆಪಟ್ಟಿ ಹಚ್ಚಲಾರೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಕೊರತೆ ಇವನ್ನೆಲ್ಲ ಮೊದಲು ನೋಡಿಸಿ. ನಮ್ಮಲ್ಲಿ ಸುಸ್ತಿಗೆ ಇವೇ ಹೆಚ್ಚು ಸಲ ಕಾರಣ, ಇವಕ್ಕೆ ಮದ್ದೂ ಇದೆ.

ಈಗ ಕರುಳಿನ ಮಾತು. ನಾದಿನಿ ಹೇಳಿದ್ದು ಪೂರ್ತಿ ಸುಳ್ಳಲ್ಲ. 2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಕ್ರಾನಿಕ್ ಫಟೀಗ್ ಇರುವ 106 ಜನರನ್ನೂ ಆರೋಗ್ಯವಾಗಿದ್ದ 91 ಜನರನ್ನೂ ಹೋಲಿಸಿ ನೋಡಿದರು. ಕಾಯಿಲೆಯವರ ಕರುಳಿನಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ನಾವು ತಿಂದ ನಾರನ್ನು ಈ ಬ್ಯಾಕ್ಟೀರಿಯಾ ಹುಳಿ ಬರಿಸಿದಾಗ ಬ್ಯುಟಿರೇಟ್ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಗೋಡೆಗೆ ಅದೇ ಊಟ.

ಆದರೆ ಯಾವುದು ಮೊದಲು? ಬ್ಯಾಕ್ಟೀರಿಯಾ ಕಡಿಮೆಯಾಗಿ ಸುಸ್ತು ಬಂತೋ, ಸುಸ್ತಾಗಿ ಮಲಗಿ, ಊಟ ಬದಲಾಗಿ, ಬ್ಯಾಕ್ಟೀರಿಯಾ ಕಡಿಮೆಯಾದವೋ? ಅದಿನ್ನೂ ತೀರ್ಮಾನವಾಗಿಲ್ಲ. ಹಾಗಾಗಿ ಆ ದುಬಾರಿ ಪರೀಕ್ಷೆ ಬೇಡ. ಉದ್ದದ ಹೆಸರುಗಳ ಪಟ್ಟಿ ಕೈಗೆ ಬರುತ್ತದೆ, ಅದನ್ನು ನೋಡಿ ಬರೆದುಕೊಡುವ ಮದ್ದು ನನ್ನ ಹತ್ತಿರವೂ ಇಲ್ಲ. ಮಾತ್ರೆ ಹೇಗೂ ತಂದಾಗಿದೆ, ಒಂದು ತಿಂಗಳು ನೋಡಿ. ಉಬ್ಬರ ಇಳಿಯದಿದ್ದರೆ ನಿಲ್ಲಿಸಿ.

ನಾರು ಒಳ್ಳೆಯದು ಎಂದು ನಾಳೆಯಿಂದಲೇ ಬಟ್ಟಲುಗಟ್ಟಲೆ ಕಾಳು ತಿನ್ನಬೇಡಿ, ಉಬ್ಬರ ಇನ್ನೂ ಜಾಸ್ತಿಯಾದೀತು. ರಾಗಿ, ಸೊಪ್ಪು, ಬಾಳೆಕಾಯಿ ಪಲ್ಯ, ಸ್ವಲ್ಪ ಸ್ವಲ್ಪವಾಗಿ. ಈರುಳ್ಳಿ, ಬೆಳ್ಳುಳ್ಳಿ ತಿಂದ ದಿನ ಹೊಟ್ಟೆ ಹೇಗಿತ್ತು ಎಂದು ಬರೆದಿಡಿ. ಮಜ್ಜಿಗೆ ಒಗ್ಗಿದರೆ ಕುಡಿಯಿರಿ. (ಇಡ್ಲಿಯೂ ಪ್ರೊಬಯೋಟಿಕ್ ಅಂತ ವಾದ ಮಾಡುವವರಿದ್ದಾರೆ. ಹಿಟ್ಟಿನಲ್ಲಿದ್ದ ಜೀವಿಗಳು ಹಬೆಯಲ್ಲೇ ಸತ್ತಿರುತ್ತವೆ. ಇಡ್ಲಿಯನ್ನು ಇಡ್ಲಿ ಅಂತಲೇ ತಿನ್ನಿ.)

ಇನ್ನೊಂದು. ಇಂಥ ಸುಸ್ತಿನವರಿಗೆ ನಾನೇ ಹಿಂದೆ ‘ದಿನಾ ವಾಕಿಂಗ್ ಸ್ವಲ್ಪ ಸ್ವಲ್ಪ ಹೆಚ್ಚಿಸಿ’ ಎಂದು ಬರೆದುಕೊಟ್ಟಿದ್ದೇನೆ. ಅದರಿಂದ ಇನ್ನಷ್ಟು ಕುಸಿದು ವಾಪಸ್ ಬಂದವರ ಮುಖ ಈಗಲೂ ನೆನಪಿದೆ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಆ ಸಲಹೆಯನ್ನೇ ಕೈಬಿಟ್ಟಿತು. ದಣಿಯುವ ಮೊದಲೇ ಕೂತುಬಿಡಿ. ನಾಲ್ಕು ಬಟ್ಟೆ ಬೇಡ, ಎರಡೇ ಸಾಕು. ಉಳಿದೆರಡನ್ನು ಸೋಮಾರಿ ಅಂದವರು ಒಗೆಯಲಿ.

ಗೋಧಿಯನ್ನು ಮಾತ್ರ ಈಗಲೇ ಬಿಡಬೇಡಿ. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯಲ್ಲೂ ಹೀಗೇ ಸುಸ್ತು, ಉಬ್ಬರ ಇರುತ್ತದೆ. ಅದಕ್ಕೊಂದು ರಕ್ತ ಪರೀಕ್ಷೆ ಇದೆ. ಗೋಧಿ ಬಿಟ್ಟವರಲ್ಲಿ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಅದು ತೋರದೇ ಹೋಗಬಹುದು. ರಕ್ತ ಕೊಟ್ಟು ಬರುವವರೆಗೆ ಚಪಾತಿ ನಡೆಯಲಿ.