ಮದುವೆ ಆದ್ರೆ ಪಿಸಿಓಎಸ್ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 23 ವರ್ಷ. ಮುಟ್ಟು ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದ್ಸಲ ಆಗುತ್ತೆ, ಗಲ್ಲದ ಮೇಲೆ ದಪ್ಪ ಕೂದಲು ಬರ್ತಿದೆ, ಸ್ಕ್ಯಾನಿಂಗಲ್ಲಿ ಪಿಸಿಓಎಸ್ (ಅಂಡಾಶಯ, ಹಾರ್ಮೋನ್ ಏರುಪೇರಿನ ತೊಂದ್ರೆ) ಅಂದ್ರು. ಸಣ್ಣಗಿರೋರಿಗೂ ಇದು ಬರುತ್ತಾ? ಅಮ್ಮ ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ ಅಂತಾರೆ.
ಹೆಸರು ಬೇಡ, ಹಾಸನ

ಉತ್ತರ: ಬರುತ್ತೆ ಕಣಮ್ಮಾ, ದಪ್ಪ ಇರೋರಿಗೆ ಮಾತ್ರ ಅನ್ನೋದು ಸುಳ್ಳು. ಸ್ಕ್ಯಾನಿಂಗ್ ರಿಪೋರ್ಟ್ ಒಂದನ್ನೇ ನೋಡಿ ಹೆದರ್ಬೇಡಿ, ಅದ್ರಲ್ಲಿ ಕಾಣೋ ಗುಳ್ಳೆಗಳು ಗಡ್ಡೆ ಅಲ್ಲ, ಪೂರ್ತಿ ಬೆಳೀದೆ ನಿಂತಿರೋ ಫಾಲಿಕಲ್‌ಗಳು, ಅಂದ್ರೆ ಅಂಡ ಇರೋ ಪುಟ್ಟ ಚೀಲಗಳು, ನಿಮ್ಮ ವಯಸ್ಸಲ್ಲಿ ಏನೂ ತೊಂದ್ರೆ ಇಲ್ದೋರಿಗೂ ಕಾಣ್ತವೆ. ಆದ್ರೆ ನಿಮಗೆ ಮುಟ್ಟು 35 ದಿನ ದಾಟ್ತಿದೆ, ಗಲ್ಲದ ಮೇಲಿನ ಕೂದಲು ಅಂತ ಗಂಡು ಹಾರ್ಮೋನ್ ಜಾಸ್ತಿ ಇರೋ ಲಕ್ಷಣನೂ ಇದೆ, ಹಾಗಾಗಿ ಪಿಸಿಓಎಸ್ ಅನ್ನೋಕೆ ಕಾರಣ ಇದೆ, ಆದ್ರೂ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನ್) ಟೆಸ್ಟ್ ಮಾಡ್ಸಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು, ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ನೋಡೋ ಶುಗರ್ ಟೆಸ್ಟೂ ಬೇಕು, ಸಣ್ಣಗಿದೀನಿ ಅಂತ ಅದನ್ನ ಬಿಡ್ಬೇಡಿ.

ಅಮ್ಮಂಗೆ ಹೇಳಿ, ತಾಳಿ ಔಷಧಿ ಅಲ್ಲ. ತಿಂಗಳುಗಟ್ಟಲೆ ಮುಟ್ಟು ಆಗ್ದಿದ್ರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಕ್ಯಾನ್ಸರ್ ಅಪಾಯನೂ ಜಾಸ್ತಿ, ಅದಕ್ಕೇ ಹಾರ್ಮೋನ್ ಮಾತ್ರೆ ಕೊಡೋದು, ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೋಬೇಡಿ. ಕೂದಲಿಗೆ ಮಾತ್ರೆ ಕೆಲ್ಸ ಮಾಡೋಕೆ ಆರು ತಿಂಗಳಾದ್ರೂ ಬೇಕು, ಅಲ್ಲೀವರ್ಗೂ ಥ್ರೆಡಿಂಗೋ ಶೇವಿಂಗೋ ಮಾಡ್ಕೊಳ್ಳಿ, ಅದ್ರಿಂದ ಕೂದಲು ದಪ್ಪ ಆಗಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ, ಅನ್ನ ಕಮ್ಮಿ ಮಾಡಿ ಕಾಳು ಪಲ್ಯ ಜಾಸ್ತಿ ಹಾಕ್ಕೊಳ್ಳಿ. ಮಕ್ಕಳ ಚಿಂತೆ ಈಗ್ಲೇ ಬೇಡ, ಹೆಚ್ಚಿನವರಿಗೆ ಆಗುತ್ತೆ, ಕೆಲವರಿಗೆ ಅಂಡ ಬಿಡುಗಡೆ ಆಗೋಕೆ ಮಾತ್ರೆ ಬೇಕಾಗುತ್ತೆ ಅಷ್ಟೇ.